ಕೂಸಿನ ಮುಲಾಮು, ಅಪ್ಪನ ಮೊಕ

ಈ ಸಲ ಅರಕೆರೆಗೆ ಹೋದರೆ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡೇ ಬರುವುದು, ಬರಿಗೈಲಿ ಬಂದರೆ ತನ್ನ ಹೆಸರು ಅಂದಾನಯ್ಯನೇ ಅಲ್ಲ ಎಂದು ಅಂದಾನಯ್ಯ ಶಪಥ ಮಾಡಿದ. ಶಪಥ ಮಾಡಿದ್ದು ಕೃಷ್ಣರಾಜಪೇಟೆಯ ದವಾಖಾನೆಯ ಹಿತ್ತಲಲ್ಲಿ, ಒಗೆದ ಗಾಯದ ಪಟ್ಟಿಗಳನ್ನು ಹಗ್ಗದ ಮೇಲೆ ಹರವುತ್ತ. ಕೇಳಿಸಿಕೊಳ್ಳಲು ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಪಟ್ಟಿಗಳು ಮಾತ್ರ ಗಾಳಿಗೆ ತಲೆದೂಗಿದವು.

ದವಾಖಾನೆಯಲ್ಲಿ ಅವನ ಹುದ್ದೆ ಡ್ರೆಸ್ಸರು. ಡಾಕ್ಟರು ತೋರಿಸಿದ ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಕಾಂಪೌಂಡರು ತೂಗಿ ಕೊಟ್ಟ ಪುಡಿಯನ್ನು ವ್ಯಾಸಲೀನಿನ ಜೊತೆ ಕಲ್ಲಿನ ಮೇಲೆ ತಿಕ್ಕಿ ಮುಲಾಮು ಮಾಡುವುದು, ಇಷ್ಟೇ ಸರ್ಕಾರ ಅವನಿಂದ ಬಯಸಿದ್ದು. ಆದರೆ ಮಾವನ ಮನೆಯಲ್ಲಿ ತಾನು ಡಾಕ್ಟರ ಬಲಗೈ ಎಂದು ಹೇಳಿಕೊಂಡುಬಿಟ್ಟಿದ್ದ. ಎಡಗೈ ಯಾರು ಎಂದು ಅಲ್ಲಿ ಯಾರೂ ಕೇಳಲಿಲ್ಲವಾದ್ದರಿಂದ ಆ ಪದವಿ ಹಾಗೇ ಉಳಿದುಕೊಂಡಿತ್ತು.

ಹೆಂಡತಿ ಪುಟ್ಟಲಕ್ಷ್ಮಮ್ಮ ಬಾಣಂತನಕ್ಕೆ ತವರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಕಳಿಸುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು, ಬಟ್ಟೆ ಒಣಗದಾಯಿತು, ಒದ್ದೆಯಲ್ಲೇ ಮಲಗಿದ ಕೂಸಿನ ತೊಡೆಸಂದು ಕೆಂಪಗೆ ಬೆಂದುಹೋಯಿತು. ಕೂಸು ಹಗಲೆಲ್ಲ ಕಿರುಚುತ್ತಿತ್ತು, ಬಾಣಂತಿ ಸೊರಗುತ್ತಿದ್ದಳು. ಸಂದು ಒಣಗುವವರೆಗೆ ಕಳಿಸುವುದಿಲ್ಲ ಎಂದು ಅತ್ತೆ ತಿಮ್ಮಮ್ಮನವರಿಂದ ಅಪ್ಪಣೆಯಾಗಿತ್ತು. ಇತ್ತ ಪೇಟೆಯಲ್ಲಿ ಅಂದಾನಯ್ಯ ತಾನೇ ತೊಳಸಿದ ಮುದ್ದೆಯನ್ನು ತಾನೇ ನುಂಗುತ್ತಿದ್ದ. ಆ ಮುದ್ದೆಯ ಗಂಟುಗಳನ್ನು ಕಂಡವರು ಯಾರೇ ಆಗಲಿ, ಅವನ ಶಪಥ ನ್ಯಾಯವಾದದ್ದೆಂದೇ ಹೇಳುತ್ತಿದ್ದರು. ಅದಕ್ಕಿಂತ ದೊಡ್ಡ ಸಂಕಟವೊಂದಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮಗಳಿಗೆ ಇನ್ನೂ ಅವನ ಗುರುತೇ ಇರಲಿಲ್ಲ. ಹೆಸರಿಟ್ಟ ದಿನ ಹೋಗಿದ್ದ. ಅವಳು ಅಂದೆಲ್ಲ ನಿದ್ದೆ ಮಾಡಿದ್ದಳು.

ಡಾಕ್ಟರನ್ನು ಕೇಳಿದ. ಅವರು, "ಜಿಂಕ್ ಮುಲಾಮು ತಗೊಂಡು ಹೋಗು. ತೊಳೆದು, ಮೆತ್ತಗೆ ಒತ್ತಿ ಒಣಗಿಸಿ, ತೆಳ್ಳಗೆ ಹಚ್ಚಬೇಕು. ಒರಟಾಗಿ ತಿಕ್ಕಬಾರದು," ಎಂದರು. ಅಂದಾನಯ್ಯ ಒಂದು ಮಣ್ಣಿನ ಕುಡಿಕೆಯ ತುಂಬ ಮುಲಾಮು ಒತ್ತಿ, ಬಾಯಿಗೆ ಮುತ್ತುಗದ ಎಲೆ ಕಟ್ಟಿ, ಕೋಟು ತೊಟ್ಟು, ಕ್ಷೌರಕ್ಕೆ ಕೂತ. ಮಾವನ ಮನೆಗೆ ಹೊರಟ ಹುರುಪಿನಲ್ಲಿ, ಒಮ್ಮೆ ಕೆರೆದದ್ದು ಸಾಲದೆಂದು ಮತ್ತೊಮ್ಮೆ ಕೆರೆಸಿಕೊಂಡ. ಅರಕೆರೆ ಮುಟ್ಟುವ ಹೊತ್ತಿಗೆ ಅವನ ಕೆನ್ನೆಯೂ ಕೂಸಿನ ತೊಡೆಯೂ ಒಂದೇ ಬಣ್ಣಕ್ಕೆ ಬಂದಿದ್ದವು.

ತಿಮ್ಮಮ್ಮನವರಿಗೆ ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಆ ಸೀಮೆಯ ಮರ್ಯಾದಸ್ತ ಅತ್ತೆಯರಾರಿಗೂ ಇರಲಿಲ್ಲ. ಅವರು ನಡುಮನೆಯ ಕಂಬದ ಹಿಂದೆ ನಿಂತು ಕಂಬಕ್ಕೋ ಮಗಳಿಗೋ ಹೇಳುವರು. ಕಂಬ ಎದುರಾಡದೆ ಕೇಳಿಸಿಕೊಳ್ಳುತ್ತಿತ್ತು. ಅಳಿಯನೂ ಹಾಗೇ ಕೇಳಿಸಿಕೊಳ್ಳಬೇಕೆಂಬುದು ಆ ಪದ್ಧತಿಯ ಒಳಗುಟ್ಟು.

"ಪುಟ್ಲಕ್ಷ್ಮೀ, ಅದೇನಂತೆ ಕುಡ್ಕೇಲಿ?" ಎಂದಿತು ಕಂಬ.

"ಮುಲಾಮಂತೆ ಕಣವ್ವ, ಕೂಸಿಗೆ."

"ಸತುವಿನ ಪುಡಿಯಿಂದ ಮಾಡಿದ್ದು," ಎಂದ ಅಂದಾನಯ್ಯ, ಡಾಕ್ಟರ ದನಿಯನ್ನು ಗಂಟಲಿಗೆ ತಂದುಕೊಂಡು. "ತಂಪು. ಒದ್ದೆ ಚರ್ಮಕ್ಕೆ ತಾಕದಂಗೆ ಕಾಯ್ತದೆ. ತಿಕ್ಕಬಾರದು, ಅಷ್ಟೇ."

ಕಂಬ ಒಪ್ಪಲಿಲ್ಲ. "ಸತುವಾ? ಪಾತ್ರೆಪಡಗಕ್ಕೆ ಆಕೋದಲ್ವೇನವ್ವಾ ಅದು? ಕೂಸಿನ ತೊಡೆಗೆ ಕಲಾಯಿ ಆಕ್ತಾರಂತಾ ಕೇಳು."

"ಕಲಾಯಿ ಅಲ್ಲ," ಎಂದ ಅಂದಾನಯ್ಯ, ಕಂಬಕ್ಕೇ ಮುಖ ಮಾಡಿ. "ಇಂಗ್ಲಿಷ್ ವೈದ್ಯ."

"ಆಗ್ಲಿ. ಆದ್ರೆ ಈ ಮನೇಲಿ ಒಸಾ ಅವುಸ್ದಿ ಕೂಸಿಗೆ ಸೋಕಾಕೆ ಮುಂಚೆ ಎತ್ತೋರ ಮೈಗೆ ಸೋಕ್ಬೇಕು. ದೀಪ ಅಚ್ಚೋಗಂಟ ನೋಡ್ಬೇಕು. ಉರಿ ಬರ್ದಿದ್ರೆ ಆಮ್ಯಾಕೆ ಕೂಸಿಗೆ. ನಮ್ಮತ್ತೆ ಕಾಲದಿಂದ್ಲೂ ಇಂಗೇಯ."

"ನಾನೇ ಅಚ್ಕತೀನಿ ಬುಡವ್ವ," ಎಂದಳು ಪುಟ್ಟಲಕ್ಷ್ಮಮ್ಮ.

"ನೀನು ಮೊಲೆ ಉಣ್ಸೋಳು, ನಿಂಗ್ಯಾಕೆ? ತಂದೋರು ಇಲ್ಲೇ ಅವ್ರಲ್ಲ."

ಅಂದಾನಯ್ಯ ಉತ್ಸಾಹದಿಂದ ಕೋಟಿನ ತೋಳು ಮಡಿಸಿದ.

"ತೋಳಂತೆ," ಎಂದಿತು ಕಂಬ. "ಗಂಡಸ್ರ ತೋಳು ಎಮ್ಮೆ ಚರ್ಮ ಕಣವ್ವ, ಅದ್ಕೇನು ಗೊತ್ತಾಯ್ತದೆ? ಕೂಸಿನ ಚರ್ಮಕ್ಕೆ ಸಮ ಅಂದ್ರೆ ಮೊಕವೇಯ. ಅದೂ ಇವತ್ತು ಕೆಂಪಗೆ ಬೆಂದೋಗೈತಲ್ಲ, ಪರೀಕ್ಷೆಗೆ ಯೋಳಿ ಮಾಡ್ಸಿದಂಗೈತೆ."

ಹಿಂಜರಿದರೆ ಮುಲಾಮಿನ ಮಾನ ಹೋಗುತ್ತದೆ, ಮುಲಾಮಿನ ಮಾನದೊಂದಿಗೆ ಡಾಕ್ಟರ ಬಲಗೈಯದೂ. ಅಂದಾನಯ್ಯ ಕುಡಿಕೆಗೆ ಬೆರಳಿಟ್ಟ. ತೆಳ್ಳಗೆ ಹಚ್ಚಬೇಕೆಂಬ ಡಾಕ್ಟರ ಮಾತು ನೆನಪಿಗೆ ಬಂತು. ಆದರೆ ತೆಳ್ಳಗೆ ಹಚ್ಚಿದರೆ ಕಂಬದ ಹಿಂದಿನಿಂದ ಕಾಣುವುದು ಹೇಗೆ? ಹಣೆಯಿಂದ ಗಲ್ಲದವರೆಗೆ, ಈ ಕಿವಿಯಿಂದ ಆ ಕಿವಿಯವರೆಗೆ, ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಬಳಿದುಕೊಂಡ. ಕ್ಷೌರದ ಉರಿ ನೀರು ಬಿದ್ದ ಕೆಂಡದಂತೆ ಆರಿತು. ಆ ಮಟ್ಟಿಗೆ ವೈದ್ಯಶಾಸ್ತ್ರ ಗೆದ್ದಿತೆಂದೇ ಹೇಳಬೇಕು.

ದೀಪ ಹಚ್ಚುವವರೆಗೆ ಏನೂ ಕೆಲಸವಿಲ್ಲದೆ ಜಗುಲಿಯ ಮೇಲೆ ಕೂತ. ಪುಟ್ಟಲಕ್ಷ್ಮಮ್ಮ ಬಟ್ಟೆಯ ಗಂಟು ಹೊತ್ತು ನಾಲೆಗೆ ಹೊರಟವಳು, ಕೂಸನ್ನು ಅವನ ತೊಡೆಯ ಮೇಲೆ ಕೂರಿಸಿ, "ಅತ್ರೆ ಅವ್ವನ್ನ ಕೂಗಿ, ಕೊಟ್ಟಿಗೇಲವ್ಳೆ," ಎಂದು ಹೇಳಿಹೋದಳು.

ಕೂಸು ಅಳಲಿಲ್ಲ. ತಲೆಯೆತ್ತಿ ಆ ಬಿಳಿಯ ಮುಖವನ್ನು ಬಹಳ ಹೊತ್ತು ನೋಡಿತು. ಆಮೇಲೆ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಿತು. ಅಂದಾನಯ್ಯ ಹುಬ್ಬು ಹಾರಿಸಿದ. ಕೂಸು ಕೇಕೆ ಹಾಕಿ ಅವನ ಮೂಗನ್ನೇ ಹಿಡಿಯಿತು. ಬೆಂದ ತೊಡೆ ಇಟ್ಟುಕೊಂಡು ಹಗಲೆಲ್ಲ ಕಿರುಚುತ್ತಿದ್ದ ಕೂಸು ತನ್ನನ್ನು ಕಂಡು ನಗುತ್ತಿದೆ! ರಕ್ತಸಂಬಂಧ ಅಂದರೆ ಇದೇ ಎಂದುಕೊಂಡ ಅಂದಾನಯ್ಯ. ಅವನ ಕಣ್ಣಲ್ಲಿ ನೀರಾಡಿತು. ಮುಲಾಮಿನ ಮೇಲೆ ಆ ನೀರು ನಿಲ್ಲದೆ ಉರುಳಿ ಬಿತ್ತು.

ಆ ಹೊತ್ತಿಗೆ ಪಕ್ಕದ ಮನೆಯ ದ್ಯಾವಮ್ಮ ಬಾಗಿಲಿಗೆ ಬಂದಳು. ಅವಳಿಗೆ ಕಣ್ಣು ಮಂಜು. ಅಂದಾನಯ್ಯನ ಮಾವ ಲಿಂಗಣ್ಣನ ಜಗುಲಿಯ ಮೇಲೆ ಒಂದು ಬಿಳಿ ಮೊಕ ಕಂಡಿತು. ಸುಗ್ಗಿಯ ಸುತ್ತಿನಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಮನೆಮನೆಗೆ ಬರುವ ವೇಷದವರ ಹೊರತು ಬಿಳಿ ಮೊಕ ಇನ್ನಾರದು? ಒಳಗೆ ಹೋಗಿ ಮೊರದಲ್ಲಿ ರಾಗಿ ತಂದಳು.

"ಈ ಸಲ ಬಿರ್ನೆ ಬಂದ್ಬುಟ್ರಲ್ಲಪ್ಪ. ಇನ್ನೂ ಒಲ ಕುಯ್ದಿಲ್ಲ," ಎಂದು ಅವನ ಹೆಗಲ ವಲ್ಲಿಯ ಚುಂಗನ್ನು ತಾನೇ ಎಳೆದು ಹರವಿ ರಾಗಿ ಸುರಿದಳು.

ನಾನು ಈ ಮನೆಯ ಅಳಿಯ ಎಂದು ಹೇಳಲು ಬಾಯಿ ತೆರೆದ ಅಂದಾನಯ್ಯ ಹಾಗೇ ಮುಚ್ಚಿದ. ಹೇಳಿದರೆ ಕತ್ತಲಾಗುವುದರೊಳಗೆ ಅರಕೆರೆಯೆಲ್ಲ ತಿಳಿಯುತ್ತದೆ. ಸುಮ್ಮನಿದ್ದರೆ ಮುದುಕಿ ಹೊರಟುಹೋಗುತ್ತಾಳೆ. ಅವನ ಲೆಕ್ಕ ಅಷ್ಟೇ. ಮುದುಕಿ ಹೋಗಲಿಲ್ಲ.

"ರಾಗಿ ಆಕುಸ್ಕಂಡು ಬಾಯಿಗೆ ಬೀಗ ಆಕ್ಕಂಡ್ರೆ ಆದಾತಾ? ಒಂದು ಪದ ಯೋಳಪ್ಪ."

ಅಂದಾನಯ್ಯನಿಗೆ ಪದ ಬರುತ್ತಿರಲಿಲ್ಲ. ಬರುತ್ತಿದ್ದದ್ದು ದವಾಖಾನೆಯ ಬಾಗಿಲಲ್ಲಿ ದಿನವೂ ಹೇಳುವ ಬುದ್ಧಿಮಾತುಗಳು ಮಾತ್ರ. ಅದನ್ನೇ ರಾಗ ಎಳೆದು ಶುರು ಮಾಡಿದ: "ನೀರನು ಕಾಯ್ಸಿರಣ್ಣಾ, ಗಾಯವ ತೊಳೀರಣ್ಣಾ, ಕೊಳೆಬಟ್ಟೆ ಕಟ್ಟದಿರಿ..." ಕೂಸು ಕೈ ಬಡಿದು ಕುಣಿಯಿತು. ಆ ಸದ್ದಿಗೆ ಬೀದಿಯಲ್ಲಿ ಹೋಗುತ್ತಿದ್ದ ಕರಿಯಪ್ಪ ಎತ್ತು ನಿಲ್ಲಿಸಿ ಹತ್ತಿರ ಬಂದ. ಅವನು ಊರಿನ ನಾಟಕದಲ್ಲಿ ಪಾರ್ಟು ಮಾಡಿದವನು, ಬಣ್ಣದ ವಿಚಾರ ಸುಲಭವಾಗಿ ಒಪ್ಪುವವನಲ್ಲ.

"ಯಾವ ಕಡೆಯೋನ್ಲಾ?"

"ಪೇಟೆ ಕಡೆ."

"ಇದ್ಯಾವ ವೇಷಲಾ? ಮೀಸೆ ಇಲ್ಲ, ಕೆಂಪಿಲ್ಲ, ಬರೀ ಬಿಳೀದು ಮೆತ್ಕಂಡಿದ್ದೀಯೆ."

"ಇನ್ನೂ ಪೂರ್ತಿ ಆಗಿಲ್ಲ," ಎಂದ ಅಂದಾನಯ್ಯ. ಅದು ಸುಳ್ಳಾಗಿರಲಿಲ್ಲ. ಮಾವ ಇನ್ನೂ ಬರಬೇಕಾಗಿತ್ತು.

ಮಾವ ಲಿಂಗಣ್ಣ ಕಬ್ಬಿನ ಗದ್ದೆಯಿಂದ ಸೋಗೆಯ ಹೊರೆ ಹೊತ್ತು ಬಂದರು. ತಮ್ಮ ಮನೆಯ ಮುಂದೆ ಜನ, ತಮ್ಮ ಜಗುಲಿಯ ಮೇಲೆ ವೇಷದವನು, ಅವನ ತೊಡೆಯ ಮೇಲೆ ತಮ್ಮ ಮೊಮ್ಮಗಳು. ಹೊರೆಯನ್ನು ಅಲ್ಲೇ ಕೆಡವಿದರು.

"ಲೇ, ಯಾರ್ಲಾ ನೀನು, ಕೂಸ ಎತ್ಕಂಡಿರೋನು? ಕೆಳೀಕ್ ಮಡುಗ್ಲಾ ಮೊದ್ಲು."

"ಮಾವ, ನಾನು," ಎಂದ ಅಂದಾನಯ್ಯ.

ಲಿಂಗಣ್ಣ ಹತ್ತಿರ ಬಂದು ಬಗ್ಗಿ ನೋಡಿದರು. ಕೋಟು ನೋಡಿದರು. ವಲ್ಲಿಯೊಳಗಿನ ರಾಗಿ ನೋಡಿದರು. ಅವರ ಮುಖದ ಮೇಲಿನ ಕೋಪವೆಲ್ಲ ಇಳಿದು, ಸಾವಿನ ಮನೆಗೆ ಬಂದವರ ಮುಖದಂತಾಯಿತು. ಪಕ್ಕದಲ್ಲಿ ಕೂತು ಅಳಿಯನ ಬೆನ್ನ ಮೇಲೆ ಕೈಯಿಟ್ಟು, ಯಾರಿಗೂ ಕೇಳಿಸದಂತೆ ಕೇಳಿದರು:

"ದವಾಖಾನೆ ಕೆಲ್ಸ ಓಯ್ತಾ, ಅಳಿಯಂದ್ರೇ?"

"ಇಲ್ಲ ಮಾವ, ಇದು..."

"ಓದ್ರೆ ಓಯ್ತು, ಬಾಯ್ಬುಟ್ಟು ಯೋಳ್ಬಾರ್ದಾ? ಗದ್ದೆ ಐತೆ, ಕಬ್ಬೈತೆ. ನಾವೇನು ಸತ್ತೋಗಿದ್ವಾ? ಅದೂ ನಮ್ಮೂರ್ಗೇ ಬಂದು ಯಾಕಪ್ಪ ಇಂಥಾ ಕಸುಬು?"

ದ್ಯಾವಮ್ಮನ ಕಣ್ಣು ಮಂಜಾದರೂ ಕಿವಿ ಚುರುಕು. "ಅಳಿಯಂದ್ರಾ?" ಎಂದು ಮೊರ ಕೆಳಗಿಟ್ಟು, ವಲ್ಲಿಯಲ್ಲಿದ್ದ ರಾಗಿಯನ್ನು ಬೊಗಸೆ ಬೊಗಸೆಯಾಗಿ ವಾಪಸ್ಸು ತುಂಬಿಕೊಂಡಳು. "ಅಂಗಾದ್ರೆ ನಿಮ್ಮನೇಲೇ ಉಣ್ಲಿ ಬುಡು ಲಿಂಗಣ್ಣ. ಪದ ಮಾತ್ರ ಸುಮಾರಾಗಿತ್ತು."

ದೀಪ ಹಚ್ಚಿದರು. ಕಂಬದ ಹಿಂದಿನಿಂದ ಮುಖ ತೊಳೆಯುವ ಅಪ್ಪಣೆಯಾಯಿತು. ಆದರೆ ನೀರು ಮುಲಾಮಿನ ಮೇಲೆ ಕೆಸುವಿನೆಲೆಯ ಮೇಲೆ ಜಾರಿದಂತೆ ಜಾರಿತು. ಸೀಗೇಪುಡಿ ಹಾಕಿ ತಿಕ್ಕಲು ಹೊರಟವನ ಕೈ ಹಿಡಿದು ಪುಟ್ಟಲಕ್ಷ್ಮಮ್ಮ, "ತಿಕ್ಬಾರ್ದು ಅಂತ ನೀವೇ ಅಂದ್ರಲ್ಲ," ಎಂದು ಎಣ್ಣೆಬಟ್ಟೆಯಲ್ಲಿ ಮೆತ್ತಗೆ ಒರೆಸಿದಳು. ಒಳಗಿನಿಂದ ಹೊರಬಂದ ಕೆನ್ನೆಯಲ್ಲಿ ಕೆಂಪು ಇರಲಿಲ್ಲ.

"ಉರಿ ಇಳ್ದೈತೆ. ಸುಳ್ಳೇಳ್ಬಾರ್ದು," ಎಂದಿತು ಕಂಬ.

ಕೂಸನ್ನು ತೊಳೆದು, ಒತ್ತಿ ಒಣಗಿಸಿ, ತೊಡೆಸಂದಿಗೆ ತೆಳ್ಳಗೆ ಹಚ್ಚಿದರು. ಅಂದಾನಯ್ಯ ಗೆದ್ದವನ ನಗೆ ನಗುತ್ತ ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದ. ಕೂಸು ಅವನನ್ನು ನೋಡಿತು. ಕೆಳದುಟಿ ಮುಂದಕ್ಕೆ ಬಂತು. ಊರು ಬೆಚ್ಚುವಂತೆ ಕಿರುಚಿತು. ಕಿರುಚುತ್ತಲೇ ಅವನ ಹೆಗಲ ಮೇಲಿಂದ ಜಗುಲಿಯ ಕಡೆ ಇಣುಕಿ, ಅಲ್ಲಿದ್ದ ಆ ಬಿಳಿ ಮೊಕದ ಒಳ್ಳೆಯವನು ಎಲ್ಲಿ ಹೋದ ಎಂದು ಹುಡುಕಿತು.

ಸಂದು ಒಣಗುವವರೆಗೆ ಕಾಯಬೇಕಾದ್ದರಿಂದ ಮಾರನೆಯ ದಿನ ಒಬ್ಬನೇ ಪೇಟೆಗೆ ಹಿಂತಿರುಗಿದ. ಸಂದು ಒಣಗಿದೆ, ಬಂದು ಕರೆದುಕೊಂಡು ಹೋಗಬಹುದು ಎಂದು ಸಂತೆಗೆ ಬಂದವರ ಕೈಲಿ ಸುದ್ದಿ ಬಂದಾಗ, ಮತ್ತೆ ಕೋಟು ತೊಟ್ಟು ಹೋದ. ಕೂಸಿನ ತೊಡೆ ಬಾಳೆಯ ಎಳೆ ಸುಳಿಯಂತಾಗಿತ್ತು. "ಅವುಸ್ದಿ ಒಳ್ಳೇದು, ತಂದೋರೂ ಒಳ್ಳೇರು," ಎಂದು ಕಂಬ ಬಾಯಿಬಿಟ್ಟು ಹೇಳಿತು. ಗಂಟುಮೂಟೆ ಕಟ್ಟಿಯಾಗಿತ್ತು. ಆಗ ಅಂದಾನಯ್ಯ ಮಗಳ ಹತ್ತಿರ ಹೋದ, ಮಗಳು ಕಿರುಚಿದಳು.

ಗಿಲಕಿ ಆಡಿಸಿದ. ಕಿರುಚಿದಳು. ಬೆಲ್ಲ ತೋರಿಸಿದ. ಬೆಲ್ಲದ ಮೇಲೂ ಕಿರುಚಿದಳು. ದವಾಖಾನೆಯ ಪದ ಹಾಡಿದ. ಕೂಸು ಒಂದು ಗಳಿಗೆ ನಿಲ್ಲಿಸಿ, ದನಿ ಬಂದ ಕಡೆ ಆಸೆಯಿಂದ ತಿರುಗಿ, ಅಲ್ಲಿ ಇವನನ್ನು ಕಂಡು ಮೋಸಹೋದವರಂತೆ ಮತ್ತೆ ಶುರು ಮಾಡಿತು.

"ಅಪ್ಪನ ಕಂಡ್ರೆ ಇಂಗೆ ಕಿರುಚೋ ಕೂಸ ಎಂಗವ್ವಾ ಕಳ್ಸೋದು?" ಎಂದಿತು ಕಂಬ. "ಪೇಟೇಲಿ ಅಕ್ಕಪಕ್ಕದೋರು ಏನಂದ್ಕಂಡಾರು? ಕೂಸಿಗೆ ಬುದ್ಧಿ ಬರೋಗಂಟ ಇಲ್ಲೇ ಇರ್ಲಿ ಬುಡು."

ಅಂದಾನಯ್ಯ ಜಗುಲಿಯ ಮೇಲೆ ಕೂತುಬಿಟ್ಟ. ರೋಗ ವಾಸಿಯಾಗಿತ್ತು, ವೈದ್ಯನೇ ಬೇಡವಾಗಿದ್ದ. ಶಪಥದ ನೆನಪು ಕೂಡ ಆಗಲಿಲ್ಲ. ಮಗಳಿಗೆ ತನ್ನ ಮುಖ ಹಿಡಿಸಲಿಲ್ಲ ಎಂಬುದೊಂದೇ ಎದೆಯಲ್ಲಿ ಮುಳ್ಳಾಗಿ ನಿಂತಿತು. ಪುಟ್ಟಲಕ್ಷ್ಮಮ್ಮ ಕುಡಿಕೆ ಹಿಡಿದು ಬಂದು ಎದುರಿಗೆ ನಿಂತಳು.

"ಮೊಕ ಎತ್ತಿ," ಎಂದಳು.

"ನಂಗೇನೂ ಉರಿ ಇಲ್ಲ ಕಣೇ."

"ಗೊತ್ತು. ಎತ್ತಿ."

ಹಚ್ಚಿದಳು. ಹಣೆಯಿಂದ ಗಲ್ಲದವರೆಗೆ, ಈ ಕಿವಿಯಿಂದ ಆ ಕಿವಿಯವರೆಗೆ. ಕೂಸು ಅಳುವುದನ್ನು ಅರ್ಧಕ್ಕೆ ಬಿಟ್ಟಿತು. ಕಣ್ಣೀರಿನಲ್ಲೇ ನಕ್ಕು, ಎರಡೂ ಕೈ ಚಾಚಿ ಅಪ್ಪನ ಮೇಲೆ ಬಿತ್ತು. ಅಷ್ಟು ಕಾಲದಲ್ಲಿ ಮೊದಲ ಸಲ ತಿಮ್ಮಮ್ಮನವರು ಕಂಬದ ಹಿಂದಿನಿಂದ ಈಚೆ ಬಂದು ಅಳಿಯನ ಎದುರಿಗೇ ನಿಂತರು. ಅಂಥ ಮುಖದ ಮುಂದೆ ಸಂಕೋಚ ಬೇಕೆನ್ನಿಸಲಿಲ್ಲವೇನೋ.

"ಓಗ್ಬುಟ್ಟು ಬನ್ನಿ," ಎಂದರು. "ಕುಡ್ಕೆ ಉಸಾರು."

ಶ್ರೀರಂಗಪಟ್ಟಣದಲ್ಲಿ ಪೇಟೆಯ ಕಡೆಯ ಬಸ್ಸು ಹತ್ತಿದರು. ಅಂದಾನಯ್ಯ ಒಂದು ಸಲ ವಲ್ಲಿಯಿಂದ ಮುಖ ಒರೆಸಿಕೊಳ್ಳಲು ನೋಡಿದ. ಕೂಸಿನ ಕೆಳದುಟಿ ಮುಂದಕ್ಕೆ ಬಂತು. ವಲ್ಲಿ ಹೆಗಲಿಗೆ ಹೋಯಿತು. ಪಕ್ಕದವರು ಸ್ವಲ್ಪ ಸ್ವಲ್ಪವೇ ಸರಿದು ಅವನಿಗೆ ಧಾರಾಳವಾಗಿ ಜಾಗ ಬಿಟ್ಟುಕೊಟ್ಟರು. ಕೂಸು ಅವನ ಎದೆಗೊರಗಿ ನಿದ್ದೆ ಹೋಯಿತು. ಅದರ ಪುಟ್ಟ ಬೆರಳು ಅವನ ಕೋಟಿನ ಗುಂಡಿಯನ್ನು ಬಿಡಲಿಲ್ಲ.

ಟಿಕೆಟ್ಟು ಹರಿಯಲು ಬಂದ ಕಂಡಕ್ಟರು ಆ ಬಿಳಿ ಮೊಕವನ್ನು ಗೌರವದಿಂದಲೇ ನೋಡಿದ. ಅವನ ಊರಲ್ಲೂ ನಾಟಕದ ಹುಚ್ಚಿತ್ತೇನೋ.

"ನಾಟಕ ಎಲ್ಲಿ, ಸ್ವಾಮಿ?"

"ಪೇಟೇಲಿ," ಎಂದ ಅಂದಾನಯ್ಯ, ಕೂಸು ಏಳದಂತೆ ಮೆತ್ತಗೆ.

"ತಮ್ದು ಯಾವ ಪಾರ್ಟು?"

ಅಂದಾನಯ್ಯ ಮಗಳನ್ನು ನೋಡಿದ. ಅವನ ಗಲ್ಲದ ಮುಲಾಮು ಒಂದಿಷ್ಟು ಅವಳ ನೆತ್ತಿಗೆ ಮೆತ್ತಿತ್ತು.

"ಅಪ್ಪಂದು," ಎಂದ.