ಒಂದೇ ಕೌಂಟರ್

ಮೂವತ್ತೊಂದು ವರ್ಷ ಊರಿನವರ ಛತ್ರಿಗಳನ್ನು ಹುಡುಕಿಕೊಟ್ಟ ಮನುಷ್ಯನಿಗೆ ತನ್ನ ಮನೆಯಲ್ಲಿ ಉಪ್ಪಿನ ಡಬ್ಬಿ ಸಿಗುವುದಿಲ್ಲ ಎಂದರೆ ತಪ್ಪು ಡಬ್ಬಿಯದೇ ಹೊರತು ಮನುಷ್ಯನದಲ್ಲ. ಇದು ಸೂಪರಿಂಟೆಂಡೆಂಟರ ಅಚಲ ಅಭಿಪ್ರಾಯ.

ಅವರು ರೈಲ್ವೆಯಲ್ಲಿ, ಪ್ರಯಾಣಿಕರು ಕಳೆದುಕೊಂಡ ವಸ್ತುಗಳ ವಿಭಾಗದ ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ಅವರು ಕೆಲಸಕ್ಕೆ ಸೇರಿದಾಗ ಅಲ್ಲಿ ಐದು ಕೌಂಟರುಗಳಿದ್ದವು: ಛತ್ರಿಗೊಂದು, ಪೆಟ್ಟಿಗೆಗೊಂದು, ಕನ್ನಡಕ ಗಡಿಯಾರಗಳಿಗೊಂದು, ಬಟ್ಟೆಬರೆಗೊಂದು, ಯಾವ ಜಾತಿಗೂ ಸೇರದ ವಸ್ತುಗಳಿಗೊಂದು. ಅಧಿಕಾರಕ್ಕೆ ಬಂದ ಮೊದಲ ವಾರದಲ್ಲೇ ಅವರು ನಾಲ್ಕನ್ನು ಮುಚ್ಚಿಸಿ, ಉಳಿದ ಒಂದರ ಮೇಲೆ ‘ಏನೇ ಕಳೆದಿರಲಿ, ಇಲ್ಲೇ ಕೇಳಿ’ ಎಂದು ಬೋರ್ಡು ಹಾಕಿಸಿದರು. ಸರದಿಯ ಸಾಲು ಬೀದಿಯವರೆಗೂ ಬೆಳೆಯಿತು. (ಅದನ್ನು ಅವರು ವಿಭಾಗದ ಜನಪ್ರಿಯತೆ ಎಂದು ವಾರ್ಷಿಕ ವರದಿಯಲ್ಲಿ ಬರೆದರು.)

ಅವರ ಹೆಂಡತಿಯ ಕಸುಬು ಬೇರೆ. ದಪ್ಪ ಪುಸ್ತಕಗಳ ಕೊನೆಯಲ್ಲಿ, ಯಾವ ಮಾತು ಯಾವ ಪುಟದಲ್ಲಿದೆ ಎಂದು ಸಣ್ಣಕ್ಷರದಲ್ಲಿ ಅಚ್ಚಾಗುತ್ತದಲ್ಲ, ಆ ಪದಸೂಚಿಯನ್ನು ತಯಾರಿಸುವುದು ಆಕೆಯ ಕೆಲಸ. ಓದುಗರಲ್ಲಿ ಬಹುಪಾಲು ಜನ ಅದು ಪುಸ್ತಕಕ್ಕೆ ಬಾಲದ ಹಾಗೆ ತಾನಾಗಿಯೇ ಬೆಳೆಯುತ್ತದೆ ಎಂದು ತಿಳಿದಿದ್ದಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಒಂದು ಪದಸೂಚಿಯನ್ನೂ ತಡವಾಗಿ ಕೊಟ್ಟವರಲ್ಲ. ಏನು ಎಲ್ಲಿದೆ ಎಂದು ಲೋಕಕ್ಕೆಲ್ಲ ಹೇಳುವ ಹೆಂಗಸು, ಒಂದೇ ಕಡೆ ಕೇಳಬೇಕು ಎಂದು ಲೋಕಕ್ಕೆಲ್ಲ ಹೇಳಿದ ಗಂಡಸು. ಇಬ್ಬರೂ ಒಂದೇ ಸೂರಿನಡಿ. ಸಂಭಾಷಣೆ ಹೀಗೆ ನಡೆಯುತ್ತಿತ್ತು:

“ಲೇ, ಕತ್ತರಿ ಎಲ್ಲಿದೆ?”

“ಇರೋ ಜಾಗದಲ್ಲಿದೆ.”

“ಅಲ್ಲಿಲ್ಲ.”

“ಎಲ್ಲಿ ನೋಡಿದ್ರಿ?”

“ಮೇಜಿನ ಡ್ರಾಯರಲ್ಲಿ.”

“ನಮ್ಮನೆ ಕತ್ತರಿ ಯಾವತ್ತಾದ್ರೂ ಮೇಜಿನ ಡ್ರಾಯರಲ್ಲಿತ್ತೇನ್ರೀ?”

“ಇರಬೇಕಿತ್ತು,” ಎನ್ನುತ್ತಿದ್ದರು ಸೂಪರಿಂಟೆಂಡೆಂಟರು. ಮೇಜಿನ ಡ್ರಾಯರ್ ಒಂದನ್ನು ನೋಡಿ, ಅಲ್ಲಿಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂದು ತೀರ್ಮಾನಿಸುವುದು ಅವರ ಪದ್ಧತಿ.

ಆ ಗುರುವಾರ ಸಂಜೆ ನಾಲ್ಕಕ್ಕೆ, ಸೇತುವೆಗಳ ಕುರಿತಾದ ಆರುನೂರು ಪುಟದ ಪುಸ್ತಕವೊಂದರ ಪದಸೂಚಿ ಮುದ್ರಣಾಲಯಕ್ಕೆ ತಲುಪಬೇಕಿತ್ತು. ನಾಲ್ಕು ದಾಟಿದರೆ ಪದಸೂಚಿ ಇಲ್ಲದೆಯೇ ಅಚ್ಚು ಹಾಕುತ್ತೇವೆ ಎಂದು ಮುದ್ರಕರು ನಯವಾಗಿ ತಿಳಿಸಿದ್ದರು. ಕೆಲಸ ಮುಗಿದೇ ಇತ್ತು. ಕೊನೆಗಳಿಗೆಯಲ್ಲಿ ಬದಲಾದ ಪುಟಸಂಖ್ಯೆಗಳನ್ನೂ ಹಾಕಿಯಾಗಿತ್ತು; ಇನ್ನು ಕಂಪ್ಯೂಟರಿನಲ್ಲಿ ಒಮ್ಮೆ ಪ್ರೋಗ್ರಾಂ ಓಡಿಸಿದರಾಯಿತು. ಆ ಪ್ರೋಗ್ರಾಮನ್ನು ಬರೆದುಕೊಟ್ಟವಳು ಆಕೆಯ ಅಕ್ಕನ ಮಗಳು. ಹೊಳೆಯುವ ಗುಂಡಿಗಳನ್ನು ಒತ್ತುವ ಜಾತಿಯದಲ್ಲ ಅದು. ಟರ್ಮಿನಲ್ ಎಂಬ ಕರಿ ಕಿಟಕಿಯನ್ನು ತೆರೆದು, ಪ್ರೋಗ್ರಾಂ ಇರುವ ಜಾಗದ ಮಾರುದ್ದದ ವಿಳಾಸವನ್ನು ತಪ್ಪಿಲ್ಲದೆ ಟೈಪ್ ಮಾಡಬೇಕು. ಆಕೆಯ ಬಲಗೈ ಮಣಿಕಟ್ಟು ಉಳುಕಿ ಬ್ಯಾಂಡೇಜು ಬಿದ್ದಿದ್ದರಿಂದ ಆ ವಾರ ಪ್ರತಿ ಅಕ್ಷರಕ್ಕೂ ಒಂದೊಂದು “ಹಾ” ಕೇಳಿಸುತ್ತಿತ್ತು.

ಇದನ್ನು ಫೋನಿನಲ್ಲಿ ಕೇಳಿದ ಅಕ್ಕನ ಮಗಳು ಬೆಳಗ್ಗೆ ಒಂದು ಚೀಟಿ ಬರೆದು ಕಳಿಸಿದಳು: “ಚಿಕ್ಕಮ್ಮಾ, ಪಾಥ್ ಅಂತ ಒಂದು ಪಟ್ಟಿ ಇರುತ್ತೆ. ನೀವು ಯಾವ ಕಮಾಂಡ್ ಕೊಟ್ಟರೂ ಅದನ್ನು ಎಲ್ಲೆಲ್ಲಿ ಹುಡುಕಬೇಕು ಅನ್ನೋ ವಿಳಾಸಗಳು ಅದರಲ್ಲಿರುತ್ತವೆ. ಆ ಪಟ್ಟಿಯ ಕೊನೆಗೆ ನಮ್ಮ ಪ್ರೋಗ್ರಾಮಿನ ವಿಳಾಸ ಸೇರಿಸಿಬಿಟ್ಟರೆ ಸಾಕು, ಆಮೇಲೆ ಬರೀ ಹೆಸರು ಟೈಪ್ ಮಾಡಿದರೂ ಓಡುತ್ತೆ. ಕೆಳಗಿನ ಸಾಲನ್ನು ಈ ಕಡತದ ಕೊನೆಯಲ್ಲಿ ಹಾಗೇ ಬರೆಯಿರಿ. ಕರಿ ಕಿಟಕಿ ಪ್ರತಿ ಸಲ ತೆರೆದಾಗಲೂ ಆ ಕಡತ ಓದಿಕೊಳ್ಳುತ್ತೆ.” ಕೆಳಗೆ ಆ ಸಾಲು ಇತ್ತು: ಮೊದಲು ಹಳೆಯ ಪಟ್ಟಿಯನ್ನು ಸೂಚಿಸುವ ಗುರುತು, ಆಮೇಲೆ ಎರಡು ಚುಕ್ಕೆ, ಆಮೇಲೆ ಹೊಸ ವಿಳಾಸ.

ಹೆಂಡತಿ ಬ್ಯಾಂಡೇಜು ಬದಲಾಯಿಸಿಕೊಳ್ಳಲು ಆಸ್ಪತ್ರೆಗೆ ಹೊರಟಿದ್ದರು. ಸೂಪರಿಂಟೆಂಡೆಂಟರು ಕಿಟಕಿ ಪಕ್ಕದ ಕುರ್ಚಿಯಿಂದ ಎದ್ದರು. ಇದೇ ಒಂದು ಘಟನೆ.

“ನೀನು ಹೋಗಿ ಬಾ. ಇದನ್ನ ನಾನು ಮಾಡಿಡ್ತೀನಿ.”

“ನೀವು ಮುಟ್ಟಬೇಡಿ.”

“ಒಂದು ಸಾಲು ತಾನೆ? ಮೂವತ್ತು ಜನ ಗುಮಾಸ್ತರನ್ನ ಆಳಿದೋನು ನಾನು.”

“ಆ ಗುಮಾಸ್ತರು ನೀವು ಹೇಳಿದ್ದನ್ನ ಮಾಡ್ತಿರಲಿಲ್ಲ, ಅದಕ್ಕೇ ಆಫೀಸು ಉಳೀತು. ಇದು ಹೇಳಿದ್ದನ್ನೇ ಮಾಡುತ್ತೆ.” ಆಕೆ ಮಣಿಕಟ್ಟನ್ನು ನೋಡಿಕೊಂಡು ನಿಟ್ಟುಸಿರಿಟ್ಟರು. “ಸರಿ. ಚೀಟೀಲಿರೋ ಹಾಗೇ ಬರೀಬೇಕು. ಒಂದು ಚುಕ್ಕೆ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.”

ಬಾಗಿಲು ಮುಚ್ಚಿತು. ಸೂಪರಿಂಟೆಂಡೆಂಟರು ಹೆಂಡತಿಯ ಮೇಜಿನ ಮುಂದೆ ಪಟ್ಟಾಭಿಷೇಕಕ್ಕೆ ಕುಳಿತವರಂತೆ ಕುಳಿತರು. ಇಷ್ಟು ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಅವರು ಕುಳಿತದ್ದು ಅದೇ ಮೊದಲು. ಚೀಟಿ ಹೇಳಿದಂತೆ ಕಡತವನ್ನು ತೆರೆದದ್ದೂ ಆಯಿತು. ಅಲ್ಲಿಗೇ ಸಾಲು ಬರೆದು ಎದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಬದಲಾವಣೆಗೆ ಮುನ್ನ ಹಾಲಿ ಪರಿಸ್ಥಿತಿಯ ಪರಿಶೀಲನೆ ನಡೆಸುವುದು ಆಡಳಿತದ ಕ್ರಮ. ಹಳೆಯ ಪಟ್ಟಿಯನ್ನು ತೋರಿಸುವ ಬಗೆಯೂ ಚೀಟಿಯ ಹಿಂಬದಿಯಲ್ಲಿತ್ತು. ಇನ್ನೊಂದು ಕರಿ ಕಿಟಕಿ ತೆರೆದು ಆ ಪಟ್ಟಿಯನ್ನು ತರಿಸಿ ನೋಡಿದರು.

ಎಂಟು ವಿಳಾಸಗಳು!

ಅವರು ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಎಂಟೇ. ಒಂದು ಕಮಾಂಡ್ ಕೊಟ್ಟರೆ ಈ ಬಡಪಾಯಿ ಯಂತ್ರ ಎಂಟು ಬಾಗಿಲು ತಟ್ಟಿಕೊಂಡು ಅಲೆಯಬೇಕು. ಅದರಲ್ಲೂ ನಾಲ್ಕು ವಿಳಾಸಗಳು ಒಂದರ ತಮ್ಮ ಇನ್ನೊಂದು ಎನ್ನುವಷ್ಟು ಹೋಲುತ್ತಿದ್ದವು. ಕೊನೆಯ ಎರಡರ ಹೆಸರಂತೂ ‘ಗೇಮ್ಸ್’. ಆಟ! ಗಂಭೀರವಾದ ಪದಸೂಚಿಯ ಕೆಲಸಕ್ಕೆ ಆಟದ ಕೋಣೆಯಲ್ಲಿ ಹುಡುಕುವುದೆ? ತಮ್ಮ ಹಳೆಯ ಐದು ಕೌಂಟರುಗಳು ಸೂಪರಿಂಟೆಂಡೆಂಟರ ಕಣ್ಣಮುಂದೆ ಬಂದು ನಿಂತವು. ಕೈ ತಾನಾಗಿ ಮೀಸೆಗೆ ಹೋಯಿತು. ಬೇಕಾದ ಪ್ರೋಗ್ರಾಂ ಒಂದು, ಅದು ಇರುವ ಜಾಗ ಒಂದು. ಉಳಿದ ಎಂಟು ಯಾಕೆ?

ಹಳೆಯ ಪಟ್ಟಿಯ ಗುರುತನ್ನೂ ಎರಡು ಚುಕ್ಕೆಗಳನ್ನೂ ಬಿಟ್ಟು, ಹೊಸ ವಿಳಾಸವೊಂದನ್ನೇ ಬರೆದು, ಕಡತವನ್ನು ಉಳಿಸಿ ಮುಚ್ಚಿದರು. ಎಂಟು ಕೌಂಟರು ಒಂದೇ ಏಟಿಗೆ ಬಂದ್. ಕಳೆದುಹೋಗಿದ್ದ ಯೌವನವನ್ನು ಯಾರೋ ತಂದು ಕೌಂಟರಿನ ಮೇಲಿಟ್ಟಂತಾಯಿತು.

ಹೊಸ ಕರಿ ಕಿಟಕಿ ತೆರೆದು, ಪರೀಕ್ಷೆಗೆಂದು ಪ್ರೋಗ್ರಾಮಿನ ಹೆಸರನ್ನಷ್ಟೇ ಟೈಪ್ ಮಾಡಿದರು. ಅದು ಓಡಿತು! ‘ಪದಸೂಚಿ ಸಿದ್ಧವಾಗುತ್ತಿದೆ’ ಎಂದು ತೆರೆಯ ಮೇಲೆ ಬಂತು. ಸೂಪರಿಂಟೆಂಡೆಂಟರು ಖಾಲಿ ಕೋಣೆಯನ್ನು ಉದ್ದೇಶಿಸಿ “ಹೂಂ!” ಎಂದರು. ಅದರ ಕೆಳಗೇ ಇನ್ನೊಂದು ಸಾಲು ಬಂತು: ‘ಸಾರ್ಟ್: ನಾಟ್ ಫೌಂಡ್.’ ಅಲ್ಲಿಗೆ ಪ್ರೋಗ್ರಾಂ ಕೈಚೆಲ್ಲಿ ಕೂತಿತು.

ಸಾರ್ಟ್ ಎಂದರೆ ಪದಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುವ ಸಣ್ಣ ಕಮಾಂಡ್. ಅದಿಲ್ಲದೆ ಪದಸೂಚಿ ಎಂದರೆ ಚೀಲದಿಂದ ಸುರಿದ ಗುಂಡಿಗಳ ರಾಶಿ. ಅದು ವಾಸವಾಗಿದ್ದದ್ದು ಅವರು ಮುಚ್ಚಿಸಿದ ಎಂಟು ಕೌಂಟರುಗಳಲ್ಲಿ ಒಂದರ ಹಿಂದೆ. ಇದು ಅವರಿಗೆ ಗೊತ್ತಿರಲಿಲ್ಲ. ಚೀಟಿಯಲ್ಲೇ ಇದ್ದ, ಯಾವ ಯಾವ ಕಡತಗಳಿವೆ ಎಂದು ತೋರಿಸುವ ಎರಡಕ್ಷರದ ಕಮಾಂಡ್ ಕೊಟ್ಟು ನೋಡಿದರು. ನಾಟ್ ಫೌಂಡ್. ಕಡತ ತಿದ್ದುವ ಕಮಾಂಡನ್ನು ಕೊಟ್ಟರು. ಅದೂ ನಾಟ್ ಫೌಂಡ್. ಕಿಟಕಿ ಮುಚ್ಚಿ ತೆರೆದರು. ಕಂಪ್ಯೂಟರನ್ನೇ ಆರಿಸಿ, ನೂರರವರೆಗೆ ಎಣಿಸಿ, ಮತ್ತೆ ಹಚ್ಚಿದರು. ಪ್ರತಿ ಸಲವೂ ಯಂತ್ರ ಅವರ ಹೊಸ ಆಜ್ಞೆಯನ್ನು ಭಕ್ತಿಯಿಂದ ಓದಿಕೊಂಡು, ಅವರು ತೋರಿಸಿದ ಒಂದೇ ಕಪಾಟಿನಲ್ಲಿ ಇಣುಕಿ, ಇಲ್ಲ ಎನ್ನುತ್ತಿತ್ತು. ಇಷ್ಟು ವಿಧೇಯನಾದ ಗುಮಾಸ್ತ ಅವರಿಗೆ ನೌಕರಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಆಸ್ಪತ್ರೆಯಲ್ಲಿ ಜನ ಹೆಚ್ಚಿದ್ದರಿಂದ ಹೆಂಡತಿ ಮರಳುವಾಗ ಮೂರು ಗಂಟೆ. ಗಂಡ ಎದುರು ಬಂದು ಚಪ್ಪಲಿ ಬದಿಗಿಟ್ಟು, ನೀರು ತಂದುಕೊಟ್ಟರು. ಆಕೆಗೆ ಅಷ್ಟೇ ಸಾಕಾಯಿತು.

“ಏನು ಮಾಡಿದ್ರಿ?”

“ಏನಿಲ್ಲ. ಸ್ವಲ್ಪ ಸುಧಾರಣೆ.”

“ಎಷ್ಟು ಸುಧಾರಣೆ?”

“ಎಂಟಿತ್ತು. ಒಂದು ಮಾಡಿದೆ.”

ಆಕೆ ಕೂಗಾಡಲಿಲ್ಲ. ಅಕ್ಕನ ಮಗಳಿಗೆ ಫೋನು ಹಚ್ಚಿ, ಮಾತು ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ವಿಷಯ ತಿಳಿದ ಅಕ್ಕನ ಮಗಳು ಎಷ್ಟು ನಕ್ಕಳೆಂದರೆ ಅದರಲ್ಲೇ ಮೂರು ಅಮೂಲ್ಯ ನಿಮಿಷಗಳು ಹೋದವು.

“ಚಿಕ್ಕಪ್ಪಾ, ಏನೂ ಕಳೆದುಹೋಗಿಲ್ಲ. ಎಲ್ಲ ಇದ್ದಲ್ಲೇ ಇದೆ. ಎಲ್ಲಿ ಹುಡುಕಬೇಕು ಅನ್ನೋದನ್ನ ಮಾತ್ರ ನೀವು ಮರೆಸಿಬಿಟ್ಟಿದ್ದೀರಿ.”

“ಅದನ್ನೇ ನಾನು ಮದುವೆಯಾದಾಗಿನಿಂದ ಹೇಳ್ತಿದೀನಿ,” ಎಂದರು ಹೆಂಡತಿ.

“ಹಳೇ ಎಂಟು ವಿಳಾಸ ನಾನು ಬರೆದಿಟ್ಕೊಂಡಿಲ್ಲ ಮಗು,” ಸೂಪರಿಂಟೆಂಡೆಂಟರ ದನಿ ಕೆಳಗಿಳಿದಿತ್ತು.

“ಬೇಡ. ಹಳೇ ಪಟ್ಟಿ ತಾನಾಗೇ ಬರುತ್ತೆ, ನಿಮ್ಮ ಸಾಲು ಅದನ್ನ ಒರೆಸಿಹಾಕ್ತಿದೆ ಅಷ್ಟೆ. ಸಾಲು ತಿದ್ದಿದ್ರೆ ಮುಗೀತು. ಆದ್ರೆ ತಿದ್ದೋ ಪ್ರೋಗ್ರಾಮೂ ಈಗ ಹೆಸರು ಕರೆದ್ರೆ ಬರಲ್ಲ. ಅದಕ್ಕೆ ಬುಡದಿಂದ ಪೂರ್ತಿ ವಿಳಾಸ ಕೊಡಬೇಕು. ಚಿಕ್ಕಮ್ಮಾ, ನೀವು ಟೈಪ್ ಮಾಡ್ತೀರಾ?”

ಬ್ಯಾಂಡೇಜು ಆಗತಾನೆ ಬಿಗಿದದ್ದು; ಬೆರಳುಗಳು ಅಲ್ಲಾಡುತ್ತಿರಲಿಲ್ಲ. ಹೆಂಡತಿ ಗಂಡನ ಕಡೆ ನೋಡಿದರು. ಸೂಪರಿಂಟೆಂಡೆಂಟರು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತರು. ಈ ಸಲ ಪಟ್ಟಾಭಿಷೇಕದ ಹಾಗಿರಲಿಲ್ಲ.

“ಮೊದಲು ಓರೆಗೆರೆ, ಸ್ಲ್ಯಾಶ್,” ಎಂದಳು ಅಕ್ಕನ ಮಗಳು.

“ಓರೆಗೆರೆ ಎಲ್ಲಿದೆ?”

“ಬಲಗಡೆ, ಕೆಳಗಿನಿಂದ ಎರಡನೇ ಸಾಲು, ಶಿಫ್ಟ್ ಪಕ್ಕ,” ಎಂದರು ಹೆಂಡತಿ.

“ಇಲ್ಲಿಲ್ಲ.”

“ಅದು ಎಡಗಡೆ ಕಣ್ರೀ. ನಾನು ಹೇಳಿದ್ದು ಬಲಗಡೆ. ನಿಮ್ಮ ಇನ್ನೊಂದು ಕೈ ಇರೋ ಕಡೆ.”

ಗಡಿಯಾರ ಮೂರೂವರೆ ತೋರಿಸಿತು. ಓರೆಗೆರೆ ಸಿಕ್ಕಿತು. ಒಂದೊಂದಾಗಿ ಉಳಿದ ಅಕ್ಷರಗಳೂ ಸಿಕ್ಕವು. ಕಡತ ತೆರೆಯಿತು. ಸೂಪರಿಂಟೆಂಡೆಂಟರು ತಮ್ಮ ಸುಧಾರಣೆಯ ಮೊದಲಲ್ಲಿ, ತಮ್ಮ ಕೈಯಾರೆ, ಹಳೆಯ ಪಟ್ಟಿಯ ಗುರುತನ್ನು ಬರೆದರು, ಎರಡು ಚುಕ್ಕೆ ಇಟ್ಟರು. ಆಟದ ಕೋಣೆಗಳೂ ಸೇರಿ ಎಂಟೂ ಕೌಂಟರುಗಳು ಬಾಗಿಲು ತೆರೆದವು. ಹೊಸ ಕಿಟಕಿ ತೆರೆದು ಪ್ರೋಗ್ರಾಮಿನ ಹೆಸರು ಟೈಪ್ ಮಾಡಿದರು. ‘ಪದಸೂಚಿ ಸಿದ್ಧವಾಗುತ್ತಿದೆ.’ ಸಾರ್ಟ್ ಸದ್ದಿಲ್ಲದೆ ಬಂದು, ತನ್ನ ಕೆಲಸ ಮಾಡಿ, ಸದ್ದಿಲ್ಲದೆ ಹೋಯಿತು. ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಪದಸೂಚಿ ಮುದ್ರಣಾಲಯ ಸೇರಿತು.

“ಅಂತೂ ನಾನೇ ಟೈಪ್ ಮಾಡಬೇಕಾಯ್ತು,” ಎಂದರು ಸೂಪರಿಂಟೆಂಡೆಂಟರು, ಸ್ವಲ್ಪ ಚೇತರಿಸಿಕೊಂಡು.

ಹೆಂಡತಿ ಎಡಗೈಯಿಂದ ಚೀಟಿಯನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಮುಂದಿನ ವಾರ ಮಣಿಕಟ್ಟು ಸರಿಹೋದ ಮೇಲೆ ಆಕೆ ದಿನವೂ ಮಧ್ಯಾಹ್ನ ಮನೆಯೆಲ್ಲ ಓಡಾಡಿ ಏನೋ ಗುರುತು ಹಾಕಿಕೊಂಡು ಬಂದು ಟೈಪ್ ಮಾಡುತ್ತಿದ್ದರು. ಕೇಳಿದರೆ “ಕೆಲಸ” ಎಂದಷ್ಟೇ ಉತ್ತರ. ಭಾನುವಾರ ಬೆಳಗ್ಗೆ ಹಜಾರದ ಮೊಳೆಗೆ, ದಾರದಿಂದ ಹೊಲಿದ ಹನ್ನೊಂದು ಹಾಳೆಗಳ ಪುಸ್ತಕವೊಂದು ತೂಗುತ್ತಿತ್ತು. ಮೇಲೆ ‘ಈ ಮನೆಯ ಪದಸೂಚಿ’ ಎಂದಿತ್ತು.

ಸೂಪರಿಂಟೆಂಡೆಂಟರು ತಿರುವಿ ನೋಡಿದರು. ‘ಉಪ್ಪು — ಅಡುಗೆಮನೆ, ಎಡ ಕಪಾಟು, ಎರಡನೇ ಅರೆ, ಎದುರಿಗೇ.’ ‘ಕತ್ತರಿ — ಹೊಲಿಗೆ ಪೆಟ್ಟಿಗೆ, ಮೇಜಿನ ಡ್ರಾಯರಿನಲ್ಲಿ ಎಂದೂ ಅಲ್ಲ.’ ‘ಛತ್ರಿ — ನಿಮಗೇ ಗೊತ್ತಿರಬೇಕು.’ ಕೆಲಸ ಅಚ್ಚುಕಟ್ಟಾಗಿತ್ತು, ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಆಮೇಲೆ ಎಲ್ಲ ಗಂಡಸರೂ ಮಾಡುವುದನ್ನೇ ಮಾಡಿದರು: ತಮ್ಮ ಹೆಸರನ್ನು ಹುಡುಕಿದರು. ‘ಗಂಡ — ನೋಡಿ: ಯಜಮಾನರು.’ ಹಾಳೆ ತಿರುವಿದರು. ‘ಯಜಮಾನರು — ನೋಡಿ: ಸೂಪರಿಂಟೆಂಡೆಂಟರು.’ ಮತ್ತೆ ತಿರುವಿದರು. ‘ಸೂಪರಿಂಟೆಂಡೆಂಟರು (ನಿವೃತ್ತ) — ಬೆಳಗ್ಗೆ: ಕಿಟಕಿ ಪಕ್ಕದ ಕುರ್ಚಿ, ಊಟದ ಹೊತ್ತಿಗೆ: ಅಡುಗೆಮನೆ ಬಾಗಿಲು, ಕೆಲಸದ ಹೊತ್ತಿಗೆ: ಸಿಗುವುದಿಲ್ಲ.’

ಅವರ ಕಿವಿ ಕೆಂಪಾಯಿತು. ಇದು ಅಪಪ್ರಚಾರ. ಕಳೆದ ವಾರ ಇಡೀ ಸೇತುವೆ ಪುಸ್ತಕ ಉಳಿದದ್ದು ಯಾರ ಬೆರಳುಗಳಿಂದ? ಇದಕ್ಕೆ ಈಗಲೇ, ಲಿಖಿತವಾಗಿ, ಅಂಚಿನಲ್ಲಿ ತಿದ್ದುಪಡಿ ಹಾಕಬೇಕು. ಬಿರಬಿರನೆ ಹೋಗಿ ಮೇಜಿನ ಡ್ರಾಯರ್ ಎಳೆದರು. ಖಾಲಿ.

“ಲೇ, ಪೆನ್ಸಿಲ್ ಎಲ್ಲಿದೆ?”

ಅಡುಗೆಮನೆಯಿಂದ ಒಂದೇ ಅಕ್ಷರದ ಉತ್ತರ ಬಂತು.

“ಪ.”