ನನ್ನ ಕಥೆಗೆ ಎರಡನೆಯ ಅಂಕವಿಲ್ಲವಂತೆ

ನನಗೆ ಸಿಟ್ಟೇ ಬರುವುದಿಲ್ಲ ಎಂದು ಕಚೇರಿಯಲ್ಲಿ ಹೆಸರಿದೆ. ಬರುತ್ತದೆ, ಆದರೆ ಮೆಹದಿಪಟ್ಟಣಂ ಬಸ್ಸು ಹತ್ತಿದ ಮೇಲೆ ಬರುತ್ತದೆ. ಮನೆ ಮುಟ್ಟುವ ಹೊತ್ತಿಗೆ ಹದವಾಗಿ ಕುದ್ದು, ಬಾಗಿಲು ತೆಗೆದ ಗಂಡನ ಪಾಲಿಗೆ ಬೀಳುತ್ತದೆ. ಅದಕ್ಕೆ ಕಾರಣ ನಮ್ಮ ಸೆಕ್ಷನ್ ಮುಖ್ಯಸ್ಥ ಸುಧಾಕರ್ ಗಾರು. ಒಂದು ಸರಕಾರಿ ಕಾರ್ಖಾನೆಗೆ ಕಾಗದ, ಪೆನ್ನು, ಫೈಲು ತರಿಸಿಕೊಡುವ ಸೆಕ್ಷನ್ ನಮ್ಮದು. ಮುಖ್ಯ ಕಚೇರಿಗೆ ಹೋಗುವ ಇಂಗ್ಲಿಷ್ ಪತ್ರಗಳನ್ನೆಲ್ಲ ಹನ್ನೊಂದು ವರ್ಷದಿಂದ ಬರೆಯುತ್ತಿರುವವಳು ನಾನು. 'ಸಿದ್ಧಪಡಿಸಿದವರು' ಎಂಬಲ್ಲಿ ಇರುವ ಹೆಸರು ಅವರದು.

ಬರೆಯುವ ಇಂಗ್ಲಿಷಿನ ಬಗ್ಗೆ ನನಗೆ ಜಂಬವಿತ್ತು. ಮಾತಾಡಲು ಮಾತ್ರ ನಾಲಗೆ ಏಳುತ್ತಿರಲಿಲ್ಲ. ಹಾಗಾಗಿ ಐವತ್ತರ ಹೊಸ್ತಿಲಲ್ಲಿ ಶನಿವಾರದ ಇಂಗ್ಲಿಷ್ ತರಗತಿಗೆ ಸೇರಿದೆ. ಟೀಚರ್ ಫರ್ಹಾನಾಗೆ ನನ್ನ ಮಗಳ ವಯಸ್ಸು. ಆ ಹುಡುಗಿ ಗೋಡೆಯ ಮೇಲೆ ಸಿನಿಮಾದ ತುಣುಕುಗಳನ್ನು ತೋರಿಸಿ, ಕಥೆಗೆ ಮೂರು ಅಂಕ ಎಂದು ಕಲಿಸಿದಳು. ಮೊದಲನೆಯದರಲ್ಲಿ ನಾಯಕಿಗೆ ಕಷ್ಟ ಬರುತ್ತದೆ, ಎರಡನೆಯದರಲ್ಲಿ ಅವಳು ಎದುರು ನಿಲ್ಲುತ್ತಾಳೆ, ಮೂರನೆಯದರಲ್ಲಿ ಫಲ. ಆಮೇಲೆ ಎಲ್ಲರೂ ತಮ್ಮ ಬದುಕಿನ ಒಂದು ಕಥೆಯನ್ನು ಹಾಗೆಯೇ ಹೇಳಬೇಕು ಎಂದಳು.

ನಾನು ತಡವರಿಸುತ್ತ ಪತ್ರಗಳ ಕಥೆ ಹೇಳಿದೆ. ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆಂದು ಕಾದೆ. ಫರ್ಹಾನಾ ಮೆಲ್ಲಗೆ, "ಆಂಟಿ, ಇದು ಬರೀ ಮೊದಲನೇ ಅಂಕ. ಹನ್ನೊಂದು ವರ್ಷ ನಿಮ್ಮ ನಾಯಕಿ ಏನು ಮಾಡಿದಳು?" ಎಂದು ಹಿಂದಿಯಲ್ಲಿ ಕೇಳಿದಳು.

ಏನು ಮಾಡಿದಳಂತೆ! ನನಗೆ ಮೈಯೆಲ್ಲ ಉರಿದು, ಪುಸ್ತಕ ಮುಚ್ಚಿ ಎದ್ದುಬಂದೆ. ಮೊಣಕಾಲು ನೋವಿಟ್ಟುಕೊಂಡು ಕೋಠಿ ಸ್ಟಾಪಿನಲ್ಲಿ ಬಸ್ಸಿಗೆ ಓಡಿದಳು, ಹಬ್ಬದ ದಿನವೂ ಬಂದು ಟೈಪು ಮಾಡಿದಳು ಎಂದು ದಾರಿಯುದ್ದಕ್ಕೂ ಉತ್ತರ ಕೊಟ್ಟೆ, ಕಿಟಕಿಗೆ. ಮನೆಯಲ್ಲಿ ಅದನ್ನೆಲ್ಲ ಮತ್ತೊಮ್ಮೆ ಕೇಳಿಸಿಕೊಂಡ ಗಂಡ ಚಹಾದ ಕಪ್ಪು ಕೆಳಗಿಟ್ಟರು.

"ಆ ಹುಡುಗಿ ಖರೇನ ಕೇಳ್ಯಾಳ. ಹನ್ನೊಂದು ವರ್ಷ ನನ್ನ ಮ್ಯಾಲ ಒದರಾಕತ್ತೀದಿ. ನಾ ಏನ್ ನಿನ್ನ ಸಾಹೇಬ ಏನು?"

ಆ ದಿನ ಅವರ ಮೇಲೂ ಸಿಟ್ಟು ಬಂತು. ಸೋಮವಾರದವರೆಗೂ ಇಳಿಯಲಿಲ್ಲ. ಬೆಳಿಗ್ಗೆ ಪತ್ರ ಹಿಡಿದು ಸುಧಾಕರ್ ಗಾರು ಅವರ ಮುಂದೆ ನಿಂತೆ. ಉರುಹೊಡೆದ ಇಂಗ್ಲಿಷೂ ಬರಲಿಲ್ಲ, ದಿನಾ ಆಡುವ ತೆಲುಗೂ ಬರಲಿಲ್ಲ. ಹುಟ್ಟೂರು ಕಲಬುರಗಿಯ ಕನ್ನಡವೇ ಬಂತು. "ಇದು ನಾ ಬರದದ್ದರಿ. ಇದರಾಗ ನನ್ನ ಹೆಸರ ಇರಬೇಕ್ರಿ."

ಅವರು ಪತ್ರ ನೋಡಿದರು, ನನ್ನನ್ನು ನೋಡಿದರು. "ಮುಂದೇ ಚೆಪ್ಪಾಲಿ ಕದಮ್ಮಾ" ಎಂದರು. ಮೊದಲೇ ಹೇಳಬಾರದಿತ್ತೇ ಎಂದು! ತಮ್ಮ ಹೆಸರು ಹೊಡೆದುಹಾಕಿ, ನನ್ನದನ್ನು ಬರೆದು, ಮುಂದಿನ ಫೈಲಿಗೆ ಕೈಹಾಕಿದರು. ಜಗಳಕ್ಕೆಂದು ಕೂಡಿಟ್ಟ ಮಾತೆಲ್ಲ ದಂಡವಾಯಿತು. ಅವರು ಇಲ್ಲ ಎಂದಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಗುರುವಾರ ಮುಖ್ಯ ಕಚೇರಿಯ ಅಧಿಕಾರಿಣಿಯೊಬ್ಬರು ನನ್ನನ್ನೇ ಕೇಳಿ ಫೋನ್ ಮಾಡಿದರು. ನಾನು ಸೆರಗು ಸರಿಮಾಡಿಕೊಂಡು ರಿಸೀವರ್ ಹಿಡಿದೆ. ಪತ್ರದ ಶೀರ್ಷಿಕೆಯಲ್ಲಿರುವ 'ಸ್ಟೇಷನರಿ'ಗೆ, ಕಾಗದ-ಪೆನ್ನು ಎಂಬರ್ಥಕ್ಕೆ, ಆರ್ ಅಕ್ಷರದ ಮೊದಲು ಇ ಬರಬೇಕು, ಎ ಬರೆದರೆ ಕದಲದೆ ನಿಂತದ್ದು ಎಂಬರ್ಥ ಎಂದು ಆಕೆ ವಿವರಿಸಿದರು. ವರ್ಷಗಳಿಂದ ಪ್ರತಿ ಪತ್ರದಲ್ಲೂ ಅದೇ ತಪ್ಪು, ಇಲ್ಲಿ ಎಲ್ಲರೂ ಸುಧಾಕರ್ ಅವರನ್ನು ನೆನೆದು ನಗುತ್ತಿದ್ದೆವು, ಅದು ನೀವೇ ಏನು ಎಂದರು.

ಮಧ್ಯಾಹ್ನ ಇನ್ನೊಂದು ಪತ್ರ ಟೈಪು ಮಾಡಿದೆ. 'ಸಿದ್ಧಪಡಿಸಿದವರು' ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ, ಯಾರೂ ಕೇಳದಿದ್ದರೂ, ಸುಧಾಕರ್ ಗಾರು ಅವರ ಹೆಸರನ್ನೇ ಹಾಕಿದೆ.