ಆಕಾಶದಿಂದ ಬಂದ ಕೆಂಪು ಚೀಟಿ

ಕಕ್ಷೆ ಎಂದರೆ ಆಕಾಶದಲ್ಲಿ ಯಾರೋ ಬಿಗಿದು ಕಟ್ಟಿದ ತಂತಿ ಎಂದು ಹತ್ತು ವರ್ಷದವರೆಗೂ ನಂಬಿದ್ದ ಮಹಾನುಭಾವ ನಾನು. ಪಾಠದ ಪುಸ್ತಕದಲ್ಲಿ ಗೆರೆ ಅಷ್ಟು ಸ್ಪಷ್ಟವಾಗಿತ್ತು! ತಂತಿ ಕಡಿದರೆ ಗುರುಗ್ರಹ ನೇರ ನಮ್ಮ ಹಿತ್ತಲಿಗೇ ಎಂದು ನಡುಗಿದ್ದೂ ಉಂಟು. ಬುದ್ಧಿ ಬಂದ ಮೇಲೆ, ಇನ್ನು ಆಕಾಶದ ಯಾವ ವಸ್ತುವಿಗೂ ಹೆದರೆನೆಂದು ಎದೆ ತಟ್ಟಿ ಪ್ರತಿಜ್ಞೆ ಮಾಡಿದೆ.

ಅದು ಮುರಿದದ್ದು ಕಳೆದ ಶುಕ್ರವಾರ, ಪೇಪರ್ ಓದುವಾಗ. 'ಅಪಾಯಕಾರಿಯಾಗಬಲ್ಲ ವರ್ಗದ ಕ್ಷುದ್ರಗ್ರಹ: ಇಂದು ಸಂಜೆ ಐದಕ್ಕೆ ಭೂಮಿಯ ಸಮೀಪ!'

ನಾನು ಪಾರ್ಸೆಲ್ ಗೋದಾಮಿನಲ್ಲಿ ಚೀಟಿ ಅಂಟಿಸುವವನು. ಆಸಿಡ್ಡು, ಬ್ಯಾಟರಿ, ಪೇಂಟು, ಒಂದೊಂದಕ್ಕೂ ಒಂದು ವರ್ಗ. 'ಅಪಾಯಕಾರಿ' ಎಂಬ ಕೆಂಪು ಚೀಟಿಯ ಡಬ್ಬಿ ತೆಪ್ಪಗಿದ್ದದ್ದನ್ನು ನಾನು ಕಂಡಿಲ್ಲ. ಸೋರುತ್ತದೆ, ಇಲ್ಲವೇ ಹೊಗೆಯಾಡುತ್ತದೆ. ಅಂಥ ಚೀಟಿ ಹೊತ್ತ, ಫುಟ್‌ಬಾಲ್ ಮೈದಾನಕ್ಕಿಂತ ದೊಡ್ಡ ಬಂಡೆ ಮೇಲಿಂದ ಬರುತ್ತಿದೆ ಎಂದರೆ! ಹೊಟ್ಟೆನೋವೆಂದು ಫೋನ್ ಮಾಡಿ ರಜೆ ಹಾಕಿದೆ.

ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಹೆಂಡತಿ ನಾಲ್ಕೂವರೆಗೆ ಬಂದಾಗ ನಾನು ಊಟದ ಮೇಜಿನ ಕೆಳಗಿದ್ದೆ.

"ಏನ್ರೀ, ಏನು ಬಿತ್ತು ಅಲ್ಲಿ?"

"ಬಿದ್ದಿಲ್ಲ ಕಣೇ, ಬೀಳೋದಿದೆ!" ಪೇಪರ್ ಚಾಚಿದೆ.

ಓದಿದಳು. ಗಡಿಯಾರ ನೋಡಿದಳು. ಕುರ್ಚಿ ಎಳೆದು ಕೂತಳು. "ಓಹೋ, ಐದಕ್ಕಾ?" ಎಂದಳು, ಅಷ್ಟೇ.

ವಿಜ್ಞಾನದವಳೇ ಹೀಗೆಂದರೆ ಕಥೆ ಮುಗಿಯಿತು! ನನ್ನ ಗುಟ್ಟುಗಳೆಲ್ಲ ಒಂದೊಂದಾಗಿ ನೆನಪಾದವು. ಬದುಕಿರುವಾಗ ಹೊರಬಿದ್ದರೆ ಮನೆಯಲ್ಲಿ ನನಗೆ ಉಳಿಗಾಲವಿಲ್ಲ. ಹೇಗೂ ಸಾಯುವವನು, ಹಗುರಾಗಿಯೇ ಸಾಯೋಣವೆಂದು ಬಾಯಿ ಬಿಟ್ಟೆ.

"ನಿನ್ನ ಪಿಟೀಲಿನ ಕಮಾನು ಕಳೆದುಹೋಗಿಲ್ಲ. ಬೀರು ಮೇಲೆ ಬಚ್ಚಿಟ್ಟಿದ್ದು ನಾನೇ. ಕಿವಿಗೆ ತಡೆಯೋಕಾಗ್ಲಿಲ್ಲ ಕಣೇ."

"ಹೂಂ. ಆಮೇಲೆ?"

"ನಿಮ್ಮಮ್ಮ ಹೆಣೆದ ಸ್ವೆಟರು... ಇಲಿ ಕಡಿದಿದ್ದಲ್ಲ. ಕತ್ತರಿ ನಂದು."

"ಹೂಂ. ನಾಲ್ಕು ಐವತ್ತು ಆಯ್ತು. ಬೇಗ ಬೇಗ."

"ಭಾನುವಾರ ಓವರ್‌ಟೈಮ್ ಅಂತ ಹೋಗ್ತೀನಲ್ಲ, ಅವತ್ತು ಗೋದಾಮಿಗೆ ಬೀಗ. ಪಾರ್ಕಿನ ಬೆಂಚಲ್ಲಿ ಮಲಗಿರ್ತೀನಿ. ಮನೇಲಿದ್ರೆ ಬಟ್ಟೆ ಒಗೀಬೇಕಲ್ಲ!"

ಐದು ಹೊಡೆಯಿತು. ಮೇಜಿನ ಕಾಲು ತಬ್ಬಿ ಕಣ್ಣು ಮುಚ್ಚಿದೆ. ಒಂದು ನಿಮಿಷ. ಐದು ನಿಮಿಷ. ನಲ್ಲಿಯಿಂದ ತೊಟ್ಟಿಕ್ಕುವ ಹನಿ ಬಿಟ್ಟರೆ ಜಗತ್ತಿನಲ್ಲಿ ಏನೂ ಬೀಳಲಿಲ್ಲ!

"ಎದ್ದು ಬನ್ನಿ ಈಚೆಗೆ," ಎಂದಳು. "ಭೂಮಿಯ ಕಕ್ಷೆಗೆ ಎಪ್ಪತ್ತೈದು ಲಕ್ಷ ಕಿಲೋಮೀಟರ್ ಒಳಗೆ ಯಾವ ದೊಡ್ಡ ಬಂಡೆಯ ದಾರಿ ಬಂದ್ರೂ ಆ ವರ್ಗಕ್ಕೇ ಸೇರಿಸ್ತಾರೆ, ಒಂದು ಕಣ್ಣಿಟ್ಟಿರೋಣ ಅಂತ. ಇದು ಹೋಗಿದ್ದು ಚಂದ್ರನಿಗಿಂತ ಹತ್ತು ಪಟ್ಟು ಆಚೆ. ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು."

ಹೇಳುತ್ತಲೇ ಸ್ಟೂಲ್ ಹತ್ತಿ ಬೀರು ಮೇಲೆ ಕೈಯಾಡಿಸಿದಳು. ಕಮಾನು ಹಿಡಿದು ಇಳಿದಳು. ನನಗೆ ನಿಜವಾದ ನಡುಕ ಹುಟ್ಟಿದ್ದು ಆಗ!

"ಅಲ್ವೇ, ನಾನು ಪ್ರಾಣ ಕೈಯಲ್ಲಿ ಹಿಡ್ಕೊಂಡಿದ್ದೆ! ಇದನ್ನ ನಾಲ್ಕೂವರೆಗೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬಾಯಿ ಮುಚ್ಕೊಂಡ್ಬಿಡ್ತಿದ್ರಲ್ಲ!"